ತಣ್ಣನೆಯ ಗಾಳಿಗೊಂದು ದಾರಿ

1882ರ ಫೆಬ್ರವರಿ 15ರಂದು ನ್ಯೂಜಿಲೆಂಡಿನ ಪೋರ್ಟ್ ಚಾಮರ್ಸ್ ಬಂದರಿನಿಂದ ‘ಡುನೆಡಿನ್’ ಎಂಬ ಹಾಯಿಹಡಗು ಲಂಡನ್ನಿಗೆ ಹೊರಟಿತು. ಒಡಲಲ್ಲಿ ಹೆಪ್ಪುಗಟ್ಟಿಸಿದ ಸುಮಾರು 5,000 ಕುರಿ, ಕುರಿಮರಿಗಳ ಮಾಂಸ. ಹಡಗು ನಡೆಯುತ್ತಿದ್ದದ್ದು ಗಾಳಿಯ ಬಲದಿಂದ. ಆದರೆ ಮಾಂಸ ತಣ್ಣಗಿರಬೇಕಾದರೆ ಕಲ್ಲಿದ್ದಲು ಉರಿಯಲೇಬೇಕಿತ್ತು. ಹಬೆಯಿಂದ ನಡೆಯುವ ಯಂತ್ರ ಗಾಳಿಯನ್ನು ಒತ್ತುತ್ತಿತ್ತು. ಒತ್ತಿದಾಗ ಹುಟ್ಟಿದ ಬಿಸಿಯನ್ನು ತೆಗೆದು, ಅದೇ ಗಾಳಿಯನ್ನು ಹಿಗ್ಗಲು ಬಿಟ್ಟರೆ ಅದು ಕೊರೆಯುವಷ್ಟು ತಣ್ಣಗಾಗುತ್ತಿತ್ತು.

ಉಷ್ಣವಲಯ ದಾಟುವಾಗ ಕಪ್ತಾನ ಜಾನ್ ವಿಟ್ಸನ್ ಒಂದು ಸಂಗತಿ ಗಮನಿಸಿದ. ಯಂತ್ರ ಸರಿಯಾಗಿಯೇ ಓಡುತ್ತಿದೆ, ತಂಪು ಮಾತ್ರ ಸರಕಿನ ಎಲ್ಲ ಮೂಲೆಗೂ ಮುಟ್ಟುತ್ತಿಲ್ಲ. ಅವನು ಗಾಳಿ ಹರಿಯುವ ದೊಡ್ಡ ಕೊಳವೆಯೊಳಗೆ ತಾನೇ ತೆವಳಿಕೊಂಡು ಹೋಗಿ ಹೊಸ ಕಂಡಿಗಳನ್ನು ಕೊರೆದ. ಕೆಲಸ ಮುಗಿಯುವಷ್ಟರಲ್ಲಿ ಮೈ ಮರಗಟ್ಟಿ ಅಲ್ಲಾಡಲಾಗದ ಸ್ಥಿತಿ. ಕೊನೆಗೆ ಕಾಲಿಗೆ ಹಗ್ಗ ಕಟ್ಟಿ ಅವನನ್ನು ಹೊರಗೆಳೆಯಬೇಕಾಯಿತು. 98 ದಿನಗಳ ಪ್ರಯಾಣ ಮುಗಿದು ಲಂಡನ್ನಿನಲ್ಲಿ ಸರಕು ಇಳಿಸಿದಾಗ ತಿರಸ್ಕಾರಗೊಂಡದ್ದು ಒಂದೇ ಒಂದು ಕುರಿ.

ವಿಟ್ಸನ್ ಕೊರೆದ ಆ ಕಂಡಿಗಳು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ತಂಪು ಮಾಡುವ ಯಂತ್ರದ ಬಗ್ಗೆ ನಾವು ತುಂಬ ಮಾತಾಡುತ್ತೇವೆ; ಆ ತಂಪನ್ನು ಹೊತ್ತು ತಿರುಗುವ ಗಾಳಿಯ ಬಗ್ಗೆ ಮಾತೇ ಇಲ್ಲ. ಸಮುದ್ರದ ಮೇಲೆ ವಾರಗಟ್ಟಲೆ ಸಾಗುವ ಹಣ್ಣು, ತರಕಾರಿ, ಮೀನು, ಮಾಂಸ ಕೆಡದೆ ದಡ ಸೇರುತ್ತದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಗಾಳಿಯ ದಾರಿಯೇ.

ಇಂದು ಇಂಥ ಸರಕಿನ ಬಹುಪಾಲು ರೀಫರ್ ಕಂಟೇನರಿನಲ್ಲಿ ಹೋಗುತ್ತದೆ. ಹೊರಗಿನಿಂದ ಸಾಧಾರಣ ಕಂಟೇನರಿನಂತೆಯೇ ಕಾಣುವ ಪೆಟ್ಟಿಗೆ. ಗೋಡೆಗಳ ನಡುವೆ ಪಾಲಿಯುರಿಥೇನ್ ನೊರೆಯ ಪದರ, ಒಂದು ತುದಿಯಲ್ಲಿ ಶೈತ್ಯಯಂತ್ರ, ಇನ್ನೊಂದು ತುದಿಯಲ್ಲಿ ಬಾಗಿಲು. ಇದನ್ನು ದೊಡ್ಡ ಫ್ರಿಜ್ ಎಂದುಕೊಂಡವರು ಮೋಸಹೋಗುತ್ತಾರೆ. ಬಿಸಿ ಸರಕನ್ನು ತುಂಬಿ ಗುಂಡಿ ಒತ್ತಿದರೆ ತಣ್ಣಗಾಗಲಿ ಎಂದು ಇದನ್ನು ಕಟ್ಟಿಲ್ಲ. ಮೊದಲೇ ತಣ್ಣಗಾದದ್ದನ್ನು ಹಾಗೆಯೇ ಕಾಯ್ದುಕೊಳ್ಳುವುದಷ್ಟೇ ಇದರ ಕೆಲಸ. ಹೊಲದ ಬಿಸಿಯನ್ನು ಹಣ್ಣಿನಿಂದ ದಡದಲ್ಲೇ, ಶೈತ್ಯಾಗಾರದಲ್ಲೇ ತೆಗೆದಿರಬೇಕು. ಹಾಗೆ ತೆಗೆಯದೆ ತುಂಬಿದ ಹಣ್ಣಿನ ನಡುಭಾಗ ತಣ್ಣಗಾಗಲು ದಿನಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಅದರ ಆಯುಸ್ಸಿನ ಒಳ್ಳೆಯ ಭಾಗ ಕರಗಿರುತ್ತದೆ.

ಕಂಟೇನರಿನ ನೆಲ ಸಪಾಟಾಗಿಲ್ಲ. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಅಲ್ಯೂಮಿನಿಯಂ ಪಟ್ಟಿಗಳು ಉದ್ದಕ್ಕೂ ಸಾಲಾಗಿವೆ. ಯಂತ್ರದಿಂದ ಬಂದ ತಣ್ಣನೆಯ ಗಾಳಿ ಈ ಪಟ್ಟಿಗಳ ನಡುವಿನ ಕಾಲುವೆಗಳಲ್ಲಿ ಹರಿದು, ಸರಕಿನ ನಡುವೆ ಮೇಲೇರಿ, ಚಾವಣಿಯ ಕೆಳಗೆ ಉಳಿದ ಜಾಗದಲ್ಲಿ ಯಂತ್ರಕ್ಕೆ ಮರಳುತ್ತದೆ. ಆ ಜಾಗ ಉಳಿಯಲೆಂದೇ ಒಳಗೋಡೆಯ ಮೇಲೆ ಕೆಂಪು ಗೆರೆ ಎಳೆದಿರುತ್ತಾರೆ. ಇನ್ನೊಂದು ಸಾಲು ಹಿಡಿಸಲೆಂದು ಗೆರೆ ಮೀರಿ ಪೆಟ್ಟಿಗೆ ಪೇರಿಸಿದರೆ ಗಾಳಿಯ ವಾಪಸು ದಾರಿಯೇ ಮುಚ್ಚಿಹೋಗುತ್ತದೆ. ಹಾಗೆಯೇ ಬಾಗಿಲ ಬಳಿ ನೆಲವನ್ನು ಬರಿದಾಗಿ ಬಿಟ್ಟರೆ ಗಾಳಿ ಅಲ್ಲೇ ಸುಲಭವಾಗಿ ಮೇಲೆದ್ದುಬಿಡುತ್ತದೆ, ಸರಕಿನೊಳಕ್ಕೆ ಹೋಗುವುದೇ ಇಲ್ಲ.

ತಾಜಾ ಸರಕಿಗೂ ಹೆಪ್ಪುಗಟ್ಟಿಸಿದ ಸರಕಿಗೂ ಇರುವ ಮೂಲ ವ್ಯತ್ಯಾಸ ತಿಳಿಯುವುದು ಇಲ್ಲಿಯೇ. ಹೆಪ್ಪುಗಟ್ಟಿದ ಮಾಂಸ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಗೋಡೆಯ ಮೂಲಕ ಒಳನುಸುಳುವ ಬಿಸಿಯನ್ನು ತಡೆದರೆ ಸಾಕು. ಹಾಗಾಗಿ ಅದನ್ನು ಸಂದಿಯಿಲ್ಲದಂತೆ ಒತ್ತೊತ್ತಾಗಿ ಪೇರಿಸುತ್ತಾರೆ; ಗಾಳಿ ಅದರ ಸುತ್ತ ಹರಿಯುತ್ತದೆ, ಒಂದು ಹೊದಿಕೆಯ ಹಾಗೆ. ಹಣ್ಣು ಹಾಗಲ್ಲ. ಗಿಡದಿಂದ ಕಿತ್ತ ಮೇಲೂ ಅದಕ್ಕೆ ಜೀವವಿದೆ, ಉಸಿರಾಡುತ್ತದೆ. ಸಕ್ಕರೆಯನ್ನು ಆಮ್ಲಜನಕದೊಡನೆ ಬಳಸಿ ಇಂಗಾಲದ ಡೈಆಕ್ಸೈಡ್, ನೀರು, ಬಿಸಿ ಈ ಮೂರನ್ನೂ ಹೊರಬಿಡುತ್ತದೆ. ತಾಪ 10 ಡಿಗ್ರಿ ಏರಿದರೆ ಈ ಉಸಿರಾಟ ಎರಡು, ಮೂರು ಪಟ್ಟು ಚುರುಕಾಗುತ್ತದೆ. ಉಸಿರಾಟ ಚುರುಕಾದಂತೆ ಇನ್ನಷ್ಟು ಬಿಸಿ. ಆದ್ದರಿಂದ ಹಣ್ಣಿನ ವಿಷಯದಲ್ಲಿ ಗಾಳಿ ಸುತ್ತ ಹರಿದರೆ ಸಾಲದು, ಪೆಟ್ಟಿಗೆಗಳ ತೂತುಗಳ ಮೂಲಕ ನಡುವೆ ನುಗ್ಗಿ ಹೋಗಬೇಕು. ಒಂದರ ಮೇಲೊಂದು ಇಟ್ಟ ಪೆಟ್ಟಿಗೆಗಳ ತೂತು ಸರಿಯಾಗಿ ಕೂಡದಿದ್ದರೂ ಸಾಕು, ನಡುವಿನ ಸಾಲು ಬೆವರತೊಡಗುತ್ತದೆ.

ತಾಪವನ್ನು ಅಳೆಯುವ ಜಾಗವೂ ಬೇರೆ ಬೇರೆ. ತಾಜಾ ಸರಕಿನಲ್ಲಿ ಯಂತ್ರ ತಾನು ಊದುವ ಗಾಳಿಯ ಮೇಲೆ ಕಣ್ಣಿಡುತ್ತದೆ. ಆ ಗಾಳಿ ಅತಿಯಾಗಿ ತಣ್ಣಗಾದರೆ ಮೊದಲು ಎದುರಾಗುವ ಹಣ್ಣು ಚಳಿಗೆ ಹಾಳಾಗುತ್ತದೆ. ಹೆಪ್ಪುಗಟ್ಟಿಸಿದ ಸರಕಿನಲ್ಲಿ ಮರಳಿ ಬರುವ ಗಾಳಿಯನ್ನು ನೋಡುತ್ತದೆ. ಎಲ್ಲವನ್ನೂ ಸುತ್ತಿ ಬಂದ ಗಾಳಿಯೂ ಸಾಕಷ್ಟು ತಣ್ಣಗಿದ್ದರೆ ಉಳಿದದ್ದರ ಚಿಂತೆಯಿಲ್ಲ.

ಚಳಿಗೆ ಹಾಳಾಗುವುದೆಂದರೆ ಮಂಜುಗಟ್ಟಬೇಕೆಂದೇನೂ ಇಲ್ಲ. ಬಾಳೆಕಾಯಿಯನ್ನು 13ರಿಂದ 14 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಗಿಸುತ್ತಾರೆ. ಅದಕ್ಕಿಂತ ಕೆಲವೇ ಡಿಗ್ರಿ ಕೆಳಗಿಳಿದರೂ ಜೀವಕೋಶದ ಪೊರೆಗಳು ಕೆಡುತ್ತವೆ, ಸಿಪ್ಪೆ ಬೂದಿಬಣ್ಣಕ್ಕೆ ತಿರುಗುತ್ತದೆ, ಕಾಯಿ ಸರಿಯಾಗಿ ಹಣ್ಣಾಗುವುದಿಲ್ಲ. ಕಷ್ಟವೆಂದರೆ, ಈ ಗಾಯ ಹಲವು ಸಲ ತಕ್ಷಣ ಕಾಣುವುದಿಲ್ಲ. ಸರಕು ಇಳಿಸಿ ಬೆಚ್ಚಗಾದ ಮೇಲಷ್ಟೇ ಬಯಲಾಗುತ್ತದೆ.

ಇದರ ಜೊತೆಗೆ ಎಥಿಲೀನ್ ಇದೆ. ಮಾಗುವ ಸೇಬು ಈ ಅನಿಲವನ್ನು ತಾನೇ ಹೊರಬಿಡುತ್ತದೆ ಎಂದು 1934ರಲ್ಲಿ ರಿಚರ್ಡ್ ಗೇನ್ ತೋರಿಸಿದ. ಒಂದು ಹಣ್ಣು ಬಿಟ್ಟ ಎಥಿಲೀನ್ ಪಕ್ಕದ ಹಣ್ಣನ್ನೂ ಮಾಗಿಸುತ್ತದೆ. ಸೇಬು ಮತ್ತು ಕಿವಿ ಹಣ್ಣನ್ನು ಒಂದೇ ಪೆಟ್ಟಿಗೆಯಲ್ಲಿ ಕಳಿಸಿದರೆ ಕಿವಿ ದಾರಿಯಲ್ಲೇ ಮೆತ್ತಗಾಗಿಬಿಡುತ್ತದೆ. ಅದಕ್ಕೇ ಕಂಟೇನರಿಗೆ ಸಣ್ಣದೊಂದು ಗಾಳಿಗಂಡಿ: ಹಣ್ಣು ತುಂಬಿದಾಗ ಎಥಿಲೀನ್, ಇಂಗಾಲದ ಡೈಆಕ್ಸೈಡ್ ಹೊರಹೋಗಲೆಂದು ಅದನ್ನು ಬೇಕಾದಷ್ಟು ತೆರೆಯುತ್ತಾರೆ. ಹೆಪ್ಪುಗಟ್ಟಿಸಿದ ಸರಕಿದ್ದಾಗ ಬಿಗಿಯಾಗಿ ಮುಚ್ಚುತ್ತಾರೆ. ಇಲ್ಲದಿದ್ದರೆ ಕಡಲಿನ ತೇವದ ಗಾಳಿ ಒಳನುಗ್ಗಿ ಯಂತ್ರದ ಸುರುಳಿಗಳ ಮೇಲೆ ಮಂಜಾಗಿ ಕೂರುತ್ತದೆ.

ಗಾಳಿಯ ದಾರಿಯನ್ನಷ್ಟೇ ಅಲ್ಲ, ಗಾಳಿಯನ್ನೇ ಬದಲಿಸಬಹುದೆಂದು 1920ರ ದಶಕದಲ್ಲಿ ಕೇಂಬ್ರಿಜ್‌ನ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್ ಸೇಬಿನ ಪ್ರಯೋಗಗಳಲ್ಲಿ ತೋರಿಸಿದರು. ಗಾಳಿಯಲ್ಲಿ ಶೇ. 21ರಷ್ಟಿರುವ ಆಮ್ಲಜನಕವನ್ನು ಇಳಿಸಿ, ಇಂಗಾಲದ ಡೈಆಕ್ಸೈಡನ್ನು ಹಿತವಾಗಿ ಏರಿಸಿದರೆ ಹಣ್ಣಿನ ಉಸಿರಾಟ ನಿಧಾನವಾಗುತ್ತದೆ. ತೀರಾ ಇಳಿಸಿದರೆ ಮಾತ್ರ ಅದು ಹುದುಗತೊಡಗಿ ಮದ್ಯದ ವಾಸನೆ ಹೊಡೆಯುತ್ತದೆ. ಇಂದು ಇಂಥ ಕಂಟೇನರುಗಳೂ ಕಡಲಿನ ಮೇಲಿವೆ. ಅವುಗಳ ಬಾಗಿಲು ತೆರೆದು ಗಾಳಿಯಾಡಲು ಬಿಡದೆ ಯಾರೂ ಒಳಗೆ ಕಾಲಿಡಬಾರದು. ಹಣ್ಣಿಗೆ ಸಾಕಾಗುವ ಆಮ್ಲಜನಕದಲ್ಲಿ ಮನುಷ್ಯ ಬದುಕುವುದಿಲ್ಲ.

ಪ್ರಯಾಣವೇ ಚಿಕಿತ್ಸೆಯಾಗುವುದೂ ಉಂಟು. ಕಿತ್ತಳೆಯಂಥ ಹಣ್ಣಿನೊಳಗೆ ಹಣ್ಣುನೊಣದ ಮರಿಹುಳುಗಳು ಅಡಗಿರಬಹುದೆಂದು ಆಮದು ಮಾಡುವ ದೇಶಗಳಿಗೆ ಭಯ. ಹಣ್ಣಿನ ತಿರುಳನ್ನೇ ಸುಮಾರು 1 ಡಿಗ್ರಿಯ ಆಸುಪಾಸಿನಲ್ಲಿ ಎರಡು ವಾರವೋ ಅದಕ್ಕಿಂತ ಹೆಚ್ಚೋ ಇಟ್ಟರೆ ಹುಳು ಸಾಯುತ್ತದೆ. ತಿರುಳಿಗೆ ಚುಚ್ಚಿದ ತಾಪಮಾಪಕಗಳು ದಾರಿಯುದ್ದಕ್ಕೂ ಲೆಕ್ಕ ಬರೆದಿಡುತ್ತವೆ. ರಾಸಾಯನಿಕದ ಹನಿಯೂ ಬೇಡದ ಈ ವಿಧಾನ ನನಗೆ ಬಹಳ ಮೆಚ್ಚುಗೆ.

ಹೆಪ್ಪುಗಟ್ಟಿಸಿದ ಆಹಾರದ ಕಥೆ ಇಷ್ಟು ಉದ್ದವಿಲ್ಲ. ನಿಧಾನವಾಗಿ ಹೆಪ್ಪುಗಟ್ಟಿದರೆ ಮಂಜುಗಡ್ಡೆಯ ದೊಡ್ಡ ಹರಳುಗಳು ಜೀವಕೋಶಗಳನ್ನು ಸೀಳುತ್ತವೆ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದು. ಆದರೆ ದಾರಿಯಲ್ಲಿ ತಾಪ ಏರಿಳಿದರೆ ಸಣ್ಣ ಹರಳುಗಳು ಕರಗಿ ದೊಡ್ಡವಕ್ಕೆ ಸೇರಿಕೊಳ್ಳುತ್ತವೆ, ಮಾಡಿದ ಕೆಲಸವೆಲ್ಲ ವ್ಯರ್ಥ. ಹೆಪ್ಪುಗಟ್ಟಿಸಿದ ಆಹಾರಕ್ಕೆ ಎಲ್ಲೆಡೆ ಪಾಲಿಸುವ ಮೈನಸ್ 18 ಡಿಗ್ರಿ ಸೆಲ್ಸಿಯಸ್ ನಿಯಮವನ್ನು ಪ್ರಕೃತಿ ಕೊಟ್ಟದ್ದಲ್ಲ. ಅದು ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್, ಅಷ್ಟೇ. ವಿದ್ಯುತ್ತು ಉಳಿಸಲು ಮೈನಸ್ 15 ಸಾಕೆಂದು 2023ರಿಂದ ಕೆಲವು ಹಡಗು ಕಂಪನಿಗಳೇ ವಾದಿಸುತ್ತಿವೆ. ವಾದದಲ್ಲಿ ತಿರುಳಿದೆ. ಆದರೆ ಮೂರು ಡಿಗ್ರಿ ಬಿಟ್ಟುಕೊಡುವುದೆಂದರೆ ಗಾಳಿ ಮುಟ್ಟದ ಮೂಲೆಗಳಿಗಿದ್ದ ರಕ್ಷಣೆಯನ್ನೂ ಬಿಟ್ಟುಕೊಟ್ಟಂತೆ. ಪೇರಿಸುವುದರಲ್ಲಿ ಶಿಸ್ತು ಬಂದ ಮೇಲೆ ಈ ಬದಲಾವಣೆ ಬಂದರೆ ಚೆನ್ನ.

ಇಷ್ಟೆಲ್ಲ ನಿಂತಿರುವುದು ಒಂದು ಪ್ಲಗ್ಗಿನ ಮೇಲೆ. ಹಡಗಿನಲ್ಲಿ, ಬಂದರಿನಲ್ಲಿ ರೀಫರಿಗೆ ವಿದ್ಯುತ್ತು ಬೇಕು, ರಸ್ತೆಯಲ್ಲಿ ಜನರೇಟರ್. 2020ರ ಫೆಬ್ರವರಿಯಲ್ಲಿ ಕೊರೊನಾ ಕಾರಣ ಚೀನಾದ ಬಂದರುಗಳಿಂದ ಸರಕು ಸಾಗಿಸುವವರೇ ಇಲ್ಲದಾದಾಗ ಶಾಂಘೈಯಂಥ ಕಡೆ ಪ್ಲಗ್ಗುಗಳು ತುಂಬಿಹೋಗಿ, ರೀಫರುಗಳನ್ನು ಬೇರೆ ಬಂದರುಗಳಿಗೆ ತಿರುಗಿಸಬೇಕಾಯಿತು.

ಪ್ರಯಾಣ ಮುಗಿದು ಕಂಟೇನರ್ ತೆರೆದಾಗ ಪರೀಕ್ಷಕ ಯಂತ್ರದ ದಾಖಲೆಯನ್ನಷ್ಟೇ ನೆಚ್ಚಿ ಕೂರುವುದಿಲ್ಲ. ಅದು ಹೇಳುವುದು ಗಾಳಿಯ ತಾಪವನ್ನು ಮಾತ್ರ. ಅವನು ಬಾಗಿಲ ಬಳಿಯ ಸಾಲಿನಿಂದ ಒಂದು ಪೆಟ್ಟಿಗೆ ಬಿಚ್ಚಿ, ಮೊನಚಾದ ತಾಪಮಾಪಕವನ್ನು ಹಣ್ಣಿನ ತಿರುಳಿಗೆ ಚುಚ್ಚುತ್ತಾನೆ. ಯಂತ್ರದಿಂದ ಅತಿ ದೂರದ ಜಾಗ ಅದು. ತಣ್ಣನೆಯ ಗಾಳಿ ಕಟ್ಟಕಡೆಗೆ ತಲುಪುವುದು ಅಲ್ಲಿಗೆ.