ಲಿವರಿನ ‘ಶಕ್ತಿ’ ಹೆಚ್ಚಿಸುವ ಮುನ್ನ

ಸ್ಕ್ಯಾನಿಂಗ್ ವರದಿಯಲ್ಲಿ ‘ಫ್ಯಾಟಿ ಲಿವರ್’ ಎಂದು ಬಂದದ್ದೇ ತಡ, ಗದಗ, ಹಾವೇರಿ ಕಡೆಯಿಂದ ಹುಬ್ಬಳ್ಳಿಗೆ ಬರುವವರ ಕೈಯಲ್ಲಿ ಫೈಲಿನ ಜತೆ ಅಮೃತಬಳ್ಳಿ ರಸದ ಬಾಟಲಿಯೂ ಇರುತ್ತದೆ. ‘ಇಮ್ಯುನಿಟಿ ಕಡಿಮಿ ಆಗಿ ಲಿವರ್ ಬಾತೈತ್ರಿ, ಅದಕ್ಕ ಕುಡ್ಯಾಕತ್ತೀನಿ.’ ಎಷ್ಟು ಸಲ ಹೇಳಬೇಕು? ಅಲ್ಲಿ ನಡೆದಿರುವುದು ಇದರ ತದ್ವಿರುದ್ಧ.

ಲಿವರಿಗೆ ಹರಿಯುವ ರಕ್ತದ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ರಕ್ತನಾಳದಲ್ಲಿ ಬರುತ್ತದೆ, ಜತೆಗೆ ಬ್ಯಾಕ್ಟೀರಿಯಾದ ಚೂರುಗಳೂ. ಅವನ್ನು ನುಂಗಿಹಾಕಲು ಲಿವರಿನಲ್ಲೇ ನೆಲೆಸಿರುವ ಇಮ್ಯುನಿಟಿಯ ಮ್ಯಾಕ್ರೊಫೇಜ್‌ಗಳು, ಅಂದರೆ ಕುಫರ್ ಕಣಗಳಿವೆ. ಕೊಬ್ಬು, ಸಾರಾಯಿ ಅಥವಾ ವೈರಸ್‌ನಿಂದ ಲಿವರ್ ಕಣಗಳು ಸಾಯತೊಡಗಿದರೆ ಇವೇ ಕೆರಳುತ್ತವೆ. ರಕ್ತದಿಂದ ಮೊನೊಸೈಟ್, ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಕರೆಸುತ್ತವೆ. ಉರಿಯೂತ ಎಂದರೆ ಇದೇ. ಈ ಗದ್ದಲದಲ್ಲಿ ಹೊರಬೀಳುವ ಟಿಜಿಎಫ್-ಬೀಟಾ ಎಂಬ ಸಂಕೇತದ ಪ್ರೋಟೀನ್, ವಿಟಮಿನ್ ಎ ಕೂಡಿಟ್ಟುಕೊಂಡು ತೆಪ್ಪಗಿದ್ದ ಸ್ಟೆಲೇಟ್ ಕಣಗಳನ್ನು ಎಬ್ಬಿಸುತ್ತದೆ. ಎದ್ದ ಕಣ ಆ ವಿಟಮಿನ್ ಕಳೆದುಕೊಂಡು ಕೊಲಾಜನ್ ನಾರು ಸುರಿಯುತ್ತದೆ. ವರ್ಷಗಟ್ಟಲೆ ನಡೆದರೆ ಫೈಬ್ರೋಸಿಸ್ (ಲಿವರಿನಲ್ಲಿ ನಾರು ತುಂಬುವುದು), ಕೆಲವರಲ್ಲಿ ಸಿರೋಸಿಸ್ (ಲಿವರ್ ಗಡಸಾಗಿ ಗಂಟುಗಟ್ಟುವುದು). ಹೆಪಟೈಟಿಸ್ ಬಿಯಲ್ಲೂ ಕಣಗಳಿಗೆ ಹೆಚ್ಚಿನ ಪೆಟ್ಟು ಕೊಡುವುದು ವೈರಸ್ಸಲ್ಲ, ಅದನ್ನು ಹುಡುಕಿ ಬರುವ ನಮ್ಮದೇ ಇಮ್ಯುನಿಟಿಯ ಟಿ ಕಣಗಳು.

ಈಗ ಹೇಳಿ, ಯಾವುದಕ್ಕೆ ಶಕ್ತಿ ತುಂಬುತ್ತೀರಿ? ಅಮೃತಬಳ್ಳಿ ಕುಡಿದ ಎಲ್ಲರಿಗೂ ತೊಂದರೆಯಾಗುತ್ತದೆ ಎಂದಲ್ಲ. ಆದರೆ ಕೋವಿಡ್ ಕಾಲದಲ್ಲಿ ಅದನ್ನು ಸೇವಿಸಿ ಆಟೊಇಮ್ಯೂನ್ ಮಾದರಿಯ (ಇಮ್ಯುನಿಟಿಯೇ ಲಿವರಿನ ಮೇಲೆ ಬೀಳುವ) ಹೆಪಟೈಟಿಸ್ ಆದವರ ಬಗ್ಗೆ 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದಾರೆ. ಯಾರ ದೇಹ ಹಾಗೆ ತಿರುಗಿಬೀಳುತ್ತದೆಂದು ಮೊದಲೇ ತಿಳಿಯುವುದಿಲ್ಲ.

ಹಾಗಂತ ಈ ಕಣಗಳನ್ನು ಅಡಗಿಸಿಬಿಡುವುದೂ ದಾರಿಯಲ್ಲ. ಕಾರಣ ನಿಂತರೆ ಮ್ಯಾಕ್ರೊಫೇಜ್‌ಗಳೇ ವರಸೆ ಬದಲಿಸಿ, ನಾರು ಕರಗಿಸುವ ಕಿಣ್ವ ಸ್ರವಿಸುತ್ತವೆ. ಫ್ಯಾಟಿ ಲಿವರಿನಲ್ಲಿ ದೇಹತೂಕದ 7ರಿಂದ 10 ಪ್ರತಿಶತ ಇಳಿದರೆ ಉರಿಯೂತ ತಗ್ಗುತ್ತದೆ. 10 ದಾಟಿದರೆ ನಾರೂ ಕಡಿಮೆಯಾಗಬಹುದು. 80 ಕೆಜಿಯವರಿಗೆ ಅದು 8 ಕೆಜಿ, ನಿಧಾನವಾಗಿ.

ರಕ್ತಪರೀಕ್ಷೆಯಲ್ಲಿ ಲಿವರಿನ ಕಿಣ್ವ ಎಸ್‌ಜಿಪಿಟಿ ನಾರ್ಮಲ್ ಇದೆ ಎಂದು ನಾರಿಲ್ಲ ಎನ್ನಲಾಗದು. ನಾರನ್ನು ಅಂದಾಜಿಸುವ ಫಿಬ್-4 ಲೆಕ್ಕ ಹಾಕಿಸಿ: ವಯಸ್ಸನ್ನು ಇನ್ನೊಂದು ಕಿಣ್ವ ಎಸ್‌ಜಿಒಟಿಯಿಂದ ಗುಣಿಸಿ, ಎಸ್‌ಜಿಪಿಟಿಯ ವರ್ಗಮೂಲವನ್ನು ಪ್ಲೇಟ್‌ಲೆಟ್ ಸಂಖ್ಯೆಯಿಂದ ಗುಣಿಸಿದಾಗ ಬಂದದ್ದರಿಂದ ಭಾಗಿಸುವುದು. ವಯಸ್ಸು 52, ಎಸ್‌ಜಿಒಟಿ 60, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 1.8 ಲಕ್ಷವಾದರೆ 2.48. ಇಲ್ಲಿ 1.8 ಲಕ್ಷವನ್ನು 180 ಎಂದು ಹಾಕಬೇಕು; ಬಹಳ ಜನ ಎಡವುವುದು ಇಲ್ಲೇ. 1.3ಕ್ಕಿಂತ ಮೇಲಿದ್ದರೆ, 65 ದಾಟಿದವರಲ್ಲಿ 2ಕ್ಕಿಂತ ಮೇಲಿದ್ದರೆ, ಸಾಮಾನ್ಯವಾಗಿ ಲಿವರಿನ ಗಡಸುತನ ಅಳೆಯುವ ಫೈಬ್ರೊಸ್ಕ್ಯಾನ್ ಮಾಡಿಸುತ್ತೇವೆ. ಅದಕ್ಕೆ 3 ತಾಸು ಖಾಲಿ ಹೊಟ್ಟೆ ಬೇಕು. ಬಸ್‌ಸ್ಟ್ಯಾಂಡಿನಲ್ಲಿ ಗಿರ್ಮಿಟ್, ಮಿರ್ಚಿ ಮುಗಿಸಿ ನೇರ ಬಂದು ಮಲಗಿದರೆ ಲಿವರಿನ ರಕ್ತಹರಿವು ಏರಿ, ಇಲ್ಲದ ಗಡಸುತನವೂ ಅಂಕಿಯಲ್ಲಿ ಕಾಣುತ್ತದೆ.