ಲೇಸರ್ ಡಯೋಡ್ ಡ್ರೈವರ್: ಬೆಳಕಿನ ತೂಬಿಗೊಬ್ಬ ನೀರುಗಂಟಿ

ಡ್ರೈವರ್ ಅಂದ ತಕ್ಷಣ ನೆನಪಿಗೆ ಬರುವುದು ಬಸ್ಸು. ಕಂಪ್ಯೂಟರ್ ಬಳಸುವವರಿಗೆ ಪ್ರಿಂಟರ್ ಡ್ರೈವರ್ ಕೂಡ ನೆನಪಾಗಬಹುದು. ಎಲೆಕ್ಟ್ರಾನಿಕ್ಸ್‌ನವರ ಬಾಯಲ್ಲಿ ಅದೇ ಪದಕ್ಕೆ ಮೂರನೇ ಅರ್ಥ ಇದೆ. ಚಿಪ್ ಕೊಡುವ ಸಣ್ಣ ಸಿಗ್ನಲ್ ನೋಡಿಕೊಂಡು, ಮುಂದಿರುವ ಭಾಗಕ್ಕೆ ಬೇಕಾದಷ್ಟೇ ಕರೆಂಟನ್ನು ಬೇಕಾದ ಹೊತ್ತಿಗೇ ಬಿಡುವ ಸರ್ಕ್ಯೂಟಿಗೆ ಅವರು ಡ್ರೈವರ್ ಅನ್ನುತ್ತಾರೆ. ಮೋಟರಿಗೂ ಡ್ರೈವರ್ ಇದೆ, ಎಲ್‌ಇಡಿ ಬಲ್ಬಿಗೂ ಇದೆ.

ನನ್ನನ್ನು ಕೇಳಿದರೆ, ಈ ಕೆಲಸಕ್ಕೆ ಬಸ್ ಡ್ರೈವರ್‌ಗಿಂತ ನಮ್ಮ ಕೆರೆಯ ನೀರುಗಂಟಿಯೇ ಹತ್ತಿರದವನು. ನೀರು ಅವನದಲ್ಲ, ಗದ್ದೆಯೂ ಅವನದಲ್ಲ. ತೂಬು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು, ಅಷ್ಟು ಅವನ ಜವಾಬ್ದಾರಿ. ಲೇಸರ್ ಡಯೋಡಿನ, ಅಂದರೆ ಕರೆಂಟ್ ಕೊಟ್ಟರೆ ಲೇಸರ್ ಬೆಳಕು ಬಿಡುವ ಪುಟ್ಟ ಭಾಗದ, ಡ್ರೈವರ್ ಮಾಡುವುದೂ ಅದನ್ನೇ. ಆದರೆ 10 ಗಿಗಾಬಿಟ್ ವೇಗದ ಫೈಬರ್ ಲಿಂಕಿನಲ್ಲಿ ಸೆಕೆಂಡಿಗೆ ಸಾವಿರ ಕೋಟಿ ಬಿಟ್‌ಗಳಿಗೆ ತಕ್ಕಂತೆ ತೂಬು ಆಡಿಸಬೇಕು.

ಲೇಸರ್ ಡಯೋಡನ್ನು ನೇರವಾಗಿ ಬ್ಯಾಟರಿಗೆ ಕಟ್ಟಿದರೆ ಆಗಲ್ವಾ? ಆಗಲ್ಲ. ಅದು ವೋಲ್ಟೇಜಿಗೆ ತಕ್ಕ ಹಾಗೆ ನಿಧಾನವಾಗಿ ಕರೆಂಟ್ ಏರಿಸಿಕೊಳ್ಳುವ ಸಾಮಾನಲ್ಲ. ವೋಲ್ಟೇಜ್ ಒಂಚೂರು ಏರಿದರೆ ಸಾಕು, ಕರೆಂಟ್ ಹಲವು ಪಟ್ಟು ನೆಗೆಯುತ್ತದೆ. ಬಿಸಿಯಾದರೆ ಅದೇ ವೋಲ್ಟೇಜಿಗೆ ಇನ್ನೂ ಜಾಸ್ತಿ ಎಳೆಯುತ್ತದೆ. ಹಾಗಾಗಿ ಡ್ರೈವರ್ ಹಿಡಿತದಲ್ಲಿ ಇಟ್ಟುಕೊಳ್ಳುವುದು ಕರೆಂಟನ್ನು. ಈ ಹಿಡಿತ ಒಂದು ಕ್ಷಣವೂ ತಪ್ಪುವಂತಿಲ್ಲ. ಬೆಳಕು ಹೊರಬರುವ ಡಯೋಡಿನ ಅಂಚು ಕೂದಲೆಳೆಗಿಂತ ಸಣ್ಣದು. ಕರೆಂಟ್ ಮಿತಿ ಮೀರಿದರೆ ಡಯೋಡಿನ ಬೆಳಕೇ ಆ ಅಂಚನ್ನು ಸುಟ್ಟುಬಿಡುತ್ತದೆ. ಫ್ಯೂಸ್ ಕರಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಟೇಬಲ್ ಮೇಲಿನ ಪವರ್ ಸಪ್ಲೈಯಲ್ಲಿ ಕರೆಂಟ್ ಮಿತಿಯನ್ನು 40 ಮಿಲಿಆಂಪಿಯರ್‌ಗೆ ಇಟ್ಟು, ಸ್ವಿಚ್ ಹಾಕಿ, ಆಮೇಲೆ ಕೆಂಪು ಲೇಸರ್ ಡಯೋಡಿನ ವೈರ್ ಮುಟ್ಟಿಸಿದೆ. ಮಿತಿ ಇದೆಯಲ್ಲ ಎಂಬ ಧೈರ್ಯ. ಆದರೆ ಸಪ್ಲೈಯ ಬಾಯಲ್ಲೇ ಒಂದು ದೊಡ್ಡ ಕೆಪಾಸಿಟರ್ 5 ವೋಲ್ಟ್ ತುಂಬಿಕೊಂಡು ಕೂತಿತ್ತು. ಮಿತಿ ಕಾಯುವ ಸರ್ಕ್ಯೂಟ್ ಏಳುವ ಮೊದಲೇ ಅದು ತನ್ನಲ್ಲಿದ್ದುದನ್ನೆಲ್ಲ ಡಯೋಡಿಗೆ ಸುರಿದುಬಿಟ್ಟಿತು. ಡಯೋಡ್ ಆಮೇಲೂ ಮಂಕಾಗಿ ಕೆಂಪಗೆ ಉರಿಯಿತು, ಬರೀ ಎಲ್‌ಇಡಿಯ ಹಾಗೆ. ಲೇಸರ್ ಮಾತ್ರ ಸತ್ತಿತ್ತು.

ಆ ಮಂಕು ಬೆಳಕಿಗೆ ಒಂದು ಅರ್ಥ ಇದೆ. ಲೇಸರ್ ಡಯೋಡಿಗೆ ಒಂದು ಹೊಸ್ತಿಲು ಕರೆಂಟ್ ಇರುತ್ತದೆ. ಅದಕ್ಕಿಂತ ಕೆಳಗೆ ಅದು ಎಲ್‌ಇಡಿಯೇ. ಹೊಸ್ತಿಲು ದಾಟಿದ ಮೇಲೆ ಕರೆಂಟ್ ಏರಿದಷ್ಟೂ ಬೆಳಕು ನೇರವಾಗಿ ಏರುತ್ತದೆ. ನನ್ನ ಡಯೋಡಿನ ಅಂಚು ಸುಟ್ಟುಹೋಗಿ, ಅದು ಹೊಸ್ತಿಲು ದಾಟಲಾರದ ಸ್ಥಿತಿಗೆ ಬಂದಿತ್ತು. ಚೆನ್ನಾಗಿರುವ ಡಯೋಡಿನಲ್ಲೂ ಹೊಸ್ತಿಲು ಒಂದೇ ಕಡೆ ನಿಲ್ಲುವುದಿಲ್ಲ. ಬಿಸಿಯಾದಂತೆ ಮೇಲೇರುತ್ತದೆ, ವಯಸ್ಸಾದಂತೆಯೂ ಏರುತ್ತದೆ. 1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ರಾಬರ್ಟ್ ಹಾಲ್ ತಂಡ ಮೊದಲ ಲೇಸರ್ ಡಯೋಡ್ ಬೆಳಗಿಸಿದಾಗ ಈ ಹೊಸ್ತಿಲು ಎಷ್ಟು ಎತ್ತರ ಇತ್ತೆಂದರೆ, ಡಯೋಡನ್ನು ದ್ರವ ಸಾರಜನಕದಲ್ಲಿ ತಣ್ಣಗಿಟ್ಟು ಕರೆಂಟನ್ನು ಚಿಕ್ಕ ಚಿಕ್ಕ ಪಲ್ಸ್‌ಗಳಲ್ಲಿ ಕೊಡಬೇಕಾಗಿತ್ತು. ಮಾಮೂಲಿ ಕೋಣೆಯ ಬಿಸಿಯಲ್ಲಿ ಬಿಡುವಿಲ್ಲದೆ ಉರಿಯುವ ಡಯೋಡ್ ಬಂದದ್ದು 1970ರಲ್ಲಿ. ಅಂದರೆ ಲೇಸರ್ ಡಯೋಡ್ ಹುಟ್ಟಿದ ದಿನದಿಂದಲೇ ಅದರ ಜೊತೆ ಪಲ್ಸ್ ಕೊಡುವ ಡ್ರೈವರ್ ಕೂಡ ಇದೆ.

ಫೈಬರ್‌ನಲ್ಲಿ ಡೇಟಾ ಕಳಿಸುವ ಡ್ರೈವರ್ ಎರಡು ಕರೆಂಟ್‌ಗಳನ್ನು ಕೊಡುತ್ತದೆ. ಒಂದು ಬಯಾಸ್. ಅದು ಡಯೋಡನ್ನು ಸದಾ ಹೊಸ್ತಿಲಿನ ಸ್ವಲ್ಪ ಮೇಲೆ ನಿಲ್ಲಿಸಿಕೊಂಡಿರುತ್ತದೆ. ಇನ್ನೊಂದು ಮಾಡ್ಯುಲೇಶನ್. 1 ಕಳಿಸುವಾಗ ಬಯಾಸಿನ ಮೇಲೆ ಅದು ಸೇರಿಕೊಳ್ಳುತ್ತದೆ, 0 ಕಳಿಸುವಾಗ ಹಿಂದೆ ಸರಿಯುತ್ತದೆ. ಹಾಗಾಗಿ 0 ಅಂದರೆ ಪೂರ್ತಿ ಕತ್ತಲೆಯೇನಲ್ಲ, ಮಂದ ಬೆಳಕು. ಯಾಕೆ ಪೂರ್ತಿ ಆರಿಸಬಾರದು ಅಂದರೆ, ಆರಿದ ಡಯೋಡ್ ಮತ್ತೆ ಹೊಸ್ತಿಲಿಗೆ ಬರಲು ನ್ಯಾನೋಸೆಕೆಂಡಿನಷ್ಟು ಹೊತ್ತು ಹಿಡಿಯಬಹುದು. 10 ಗಿಗಾಬಿಟ್ ಲಿಂಕಿನಲ್ಲಿ ಒಂದು ಬಿಟ್ಟಿಗೆ ಸಿಗುವ ಸಮಯವೇ ನ್ಯಾನೋಸೆಕೆಂಡಿನ ಹತ್ತನೇ ಒಂದು ಭಾಗ. ಡಯೋಡ್ ಏಳುವಷ್ಟರಲ್ಲಿ ಹತ್ತು ಬಿಟ್ ದಾಟಿಹೋಗಿರುತ್ತವೆ. ಹೊಸ್ತಿಲು ಸರಿದಾಡುತ್ತದಲ್ಲ, ಅದಕ್ಕೂ ಉಪಾಯ ಇದೆ. ಲೇಸರಿನ ಬೆನ್ನಿಗೇ ಬೆಳಕು ಅಳೆಯುವ ಒಂದು ಚಿಕ್ಕ ಫೋಟೋಡಯೋಡ್ ಕೂರಿಸಿರುತ್ತಾರೆ. ಸರಾಸರಿ ಬೆಳಕು ಇಳಿದರೆ ಅದು ಹೇಳುತ್ತದೆ, ಡ್ರೈವರ್ ಬಯಾಸ್ ಏರಿಸುತ್ತದೆ.

ನಿಮ್ಮ ಮನೆಯ ಫೈಬರ್ ಇಂಟರ್ನೆಟ್ಟಿನ ಪೆಟ್ಟಿಗೆಯಲ್ಲೂ ಇಂಥ ಡ್ರೈವರ್ ಇದೆ, ಮತ್ತು ಅದರ ಪಾಡು ಇನ್ನೂ ಕಷ್ಟದ್ದು. ಜಿಪಾನ್ ಎಂಬ ಪದ್ಧತಿಯಲ್ಲಿ ಹಲವು ಮನೆಗಳು ಒಂದೇ ಫೈಬರಿನಲ್ಲಿ ಸರದಿಯ ಮೇಲೆ ಬೆಳಕು ಕಳಿಸುತ್ತವೆ. ಸರದಿ ಇಲ್ಲದಾಗ ನಿಮ್ಮ ಲೇಸರ್ ಮಂದವಾಗಿ ಉರಿದರೂ ಪಕ್ಕದ ಮನೆಯ ಸಿಗ್ನಲ್ ಕೆಡುತ್ತದೆ. ಹಾಗಾಗಿ ಬಯಾಸನ್ನೂ ಸೇರಿಸಿ ಎಲ್ಲ ಆರಿಸಬೇಕು. ಸರದಿ ಬಂದಾಗ 16 ಬಿಟ್ ಸಮಯದಲ್ಲಿ, ಅಂದರೆ ಸುಮಾರು 13 ನ್ಯಾನೋಸೆಕೆಂಡಿನಲ್ಲಿ, ಮತ್ತೆ ಎದ್ದು ನಿಲ್ಲಬೇಕು. ಸರದಿ ನೀರಿನ ಜಗಳ ಕಂಡವರಿಗೆ ಈ ಕಟ್ಟುನಿಟ್ಟು ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಜಾತಿಯ ಡ್ರೈವರ್ ಇದೆ. ನನಗೆ ಅದರ ಮೇಲೇ ಪ್ರೀತಿ ಜಾಸ್ತಿ. ಲೈಡಾರ್‌ಗಾಗಿ, ಅಂದರೆ ಲೇಸರ್ ಪಲ್ಸ್ ಬಿಟ್ಟು ಅದು ಮರಳಿ ಬರುವ ಸಮಯದಿಂದ ದೂರ ಅಳೆಯುವ ಉಪಕರಣಕ್ಕಾಗಿ, ಮಾಡುವ ಡ್ರೈವರ್. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ 30 ಸೆಂಟಿಮೀಟರ್ ಹೋಗುತ್ತದೆ. ಹೋಗಿ ಬರುವ ಲೆಕ್ಕದಲ್ಲಿ ದೂರಕ್ಕೆ ಸಿಗುವುದು 15 ಸೆಂಟಿಮೀಟರ್. ಪಲ್ಸ್ ಚೂಪಾಗಿದ್ದಷ್ಟೂ ಅಳತೆ ಚೊಕ್ಕ. ದೂರದಿಂದ ಮರಳುವ ಬೆಳಕು ತೀರಾ ಕಡಿಮೆ, ಆದ್ದರಿಂದ ಪಲ್ಸ್ ಜೋರಾಗಿಯೂ ಇರಬೇಕು. ಹೀಗಾಗಿ ಹತ್ತಾರು ಆಂಪಿಯರ್ ಕರೆಂಟ್, ಕೆಲವೇ ನ್ಯಾನೋಸೆಕೆಂಡ್ ಹೊತ್ತು.

ಇಲ್ಲಿ ತಲೆನೋವು ಕೊಡುವುದು ವೈರು. ಯಾವ ವೈರಿಗಾದರೂ, ಬೋರ್ಡಿನ ಮೇಲಿನ ತಾಮ್ರದ ಗೆರೆಗಾದರೂ, ಇಂಡಕ್ಟೆನ್ಸ್ ಅನ್ನುವ ಗುಣ ಇದೆ. ಉದ್ದ ಪೈಪಿನಲ್ಲಿರುವ ನೀರಿನ ಹಾಗೆ: ಗೇಟು ತೆಗೆದ ತಕ್ಷಣ ಹರಿಯಲು ಒಪ್ಪುವುದಿಲ್ಲ, ತಟ್ಟನೆ ಮುಚ್ಚಿದರೆ ಪೈಪು ದಢ್ ಅನ್ನುತ್ತದೆ. ಅಂದಾಜಿಗೆ ಒಂದು ಮಿಲಿಮೀಟರ್ ವೈರಿಗೆ ಒಂದು ನ್ಯಾನೋಹೆನ್ರಿ ಅಂತ ಇಟ್ಟುಕೊಳ್ಳಿ. ಒಂದು ನ್ಯಾನೋಸೆಕೆಂಡಿನಲ್ಲಿ 10 ಆಂಪಿಯರ್ ಏರಿಸಬೇಕಾದರೆ ಆ ಒಂದು ಮಿಲಿಮೀಟರೇ 10 ವೋಲ್ಟ್ ನುಂಗುತ್ತದೆ. ಒಂದು ಸೆಂಟಿಮೀಟರ್ ಬಿಟ್ಟರೆ 100 ವೋಲ್ಟ್. ಕಾಗದದ ಮೇಲೆ ಒಂದು ಗೆರೆ ಎಳೆದು ಸುಮ್ನೆ ಇದ್ದುಬಿಟ್ಟಿದ್ದೆವು, ಬೋರ್ಡಿನ ಮೇಲೆ ಆ ಗೆರೆಯೇ ಸರ್ಕ್ಯೂಟಿನ ದೊಡ್ಡ ಭಾಗ ಆಗಿ ಕೂರುತ್ತದೆ.

ಬಲ್ಲವರು ಇದರ ಜೊತೆ ಗುದ್ದಾಡುವುದಿಲ್ಲ, ಅದನ್ನೇ ಕೆಲಸಕ್ಕೆ ಹಚ್ಚುತ್ತಾರೆ. ಒಂದು ಕೆಪಾಸಿಟರ್‌ನಲ್ಲಿ ಮೊದಲೇ ಚಾರ್ಜ್ ತುಂಬಿಡುತ್ತಾರೆ. ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರ್ ತೆರೆದಾಗ ಅದು ಡಯೋಡಿನ ಮೂಲಕ ಖಾಲಿಯಾಗುತ್ತದೆ. ಕೆಪಾಸಿಟರ್ ಮತ್ತು ದಾರಿಯ ಇಂಡಕ್ಟೆನ್ಸ್ ಸೇರಿ ಕರೆಂಟಿಗೆ ಒಂದು ದಿಬ್ಬದ ಆಕಾರ ಕೊಡುತ್ತವೆ. ಒಂದು ನ್ಯಾನೋಫ್ಯಾರಡ್, ಒಂದು ನ್ಯಾನೋಹೆನ್ರಿ ಇದ್ದರೆ ದಿಬ್ಬದ ಅಗಲ ಸುಮಾರು 3 ನ್ಯಾನೋಸೆಕೆಂಡ್. 30 ವೋಲ್ಟ್ ತುಂಬಿದ್ದರೆ ಲೆಕ್ಕಕ್ಕೆ ಅದರ ನೆತ್ತಿ 30 ಆಂಪಿಯರ್. ಡಯೋಡಿನದು, ಟ್ರಾನ್ಸಿಸ್ಟರಿನದು ಅಂತ ನಷ್ಟ ಕಳೆದು ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಇದರಲ್ಲಿ ಒಂದು ನೆಮ್ಮದಿಯೂ ಇದೆ. ಟ್ರಾನ್ಸಿಸ್ಟರ್ ತೆರೆದೇ ಉಳಿದರೂ ಡಯೋಡಿಗೆ ಹೋಗುವುದು ಹೆಚ್ಚುಕಡಿಮೆ ಕೆಪಾಸಿಟರಿನಲ್ಲಿದ್ದಷ್ಟೇ. ಟ್ರಾನ್ಸಿಸ್ಟರ್ ಮಾತ್ರ ಚುರುಕಾಗಿ ತೆರೆಯಬೇಕು. ಮಾಮೂಲಿ ಸಿಲಿಕಾನ್ ಟ್ರಾನ್ಸಿಸ್ಟರಿನ (ಮಾಸ್‌ಫೆಟ್) ಗೇಟಿಗೆ, ಅಂದರೆ ಅದನ್ನು ತೆರೆದು ಮುಚ್ಚುವ ಕಾಲಿಗೆ, ಚಾರ್ಜ್ ತುಂಬುವುದೇ ಒಂದು ಕೆಲಸ. ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರಿಗೆ ಅದು ಎಷ್ಟೋ ಕಡಿಮೆ ಸಾಕು. ಲೈಡಾರ್ ಮಂದಿ ಅದರ ಹಿಂದೆ ಬಿದ್ದಿರುವುದು ಇದಕ್ಕೇ.

ಉಳಿದದ್ದೆಲ್ಲ ಬೋರ್ಡಿನ ಮೇಲೆ ಭಾಗಗಳನ್ನು ಕೂರಿಸುವ ಜಾಣತನ. ಕೆಪಾಸಿಟರ್, ಟ್ರಾನ್ಸಿಸ್ಟರ್, ಡಯೋಡ್ ಮೂರೂ ಮೈಗೆ ಮೈ ತಾಗುವಷ್ಟು ಹತ್ತಿರ ಇರಬೇಕು. ಕರೆಂಟ್ ಮರಳುವ ದಾರಿ ಹೋದ ದಾರಿಯ ಕೆಳಗೇ, ಬೋರ್ಡಿನ ಮುಂದಿನ ಪದರದಲ್ಲಿ ಇರಬೇಕು. ಆಗ ಎರಡರ ಕಾಂತಕ್ಷೇತ್ರ ಒಂದನ್ನೊಂದು ಕಡಿದುಹಾಕಿ ಇಂಡಕ್ಟೆನ್ಸ್ ಇಳಿಯುತ್ತದೆ. ಉದ್ದ ಕಾಲಿನ ಲೋಹದ ಡಬ್ಬಿಯ ಡಯೋಡ್ ತಂದರೆ ಆ ಕಾಲುಗಳಲ್ಲೇ ಆಟ ಸೋತ ಹಾಗೆ.

ಇಷ್ಟೆಲ್ಲ ಮಾಡಿ, ಸಿಗ್ನಲಿನ ಆಕಾರ ತೋರಿಸುವ ಆಸಿಲೋಸ್ಕೋಪಿನಲ್ಲಿ ನೋಡಿದಾಗ ನನಗೆ ಕಂಡದ್ದು ಪಲ್ಸಿನ ಹಿಂದೆ ಉದ್ದಕ್ಕೆ ನಡುಗುವ ಅಲೆ. ಎರಡು ದಿನ ಕೆಪಾಸಿಟರ್ ಬದಲಿಸಿದೆ, ರೆಸಿಸ್ಟರ್ ಬದಲಿಸಿದೆ. ಕೊನೆಗೆ ಪ್ರೋಬಿನ ಗ್ರೌಂಡ್ ವೈರ್ ಕಿತ್ತು, ತುದಿಗೆ ಸುತ್ತುವ ಸಣ್ಣ ಸ್ಪ್ರಿಂಗ್ ಹಾಕಿದೆ. ಅಲೆಯ ಮುಕ್ಕಾಲು ಪಾಲು ಅಲ್ಲೇ ಮಾಯವಾಯಿತು. ಗೇಣುದ್ದದ ಆ ವೈರಿಗೂ ಇಂಡಕ್ಟೆನ್ಸ್ ಇತ್ತು. ಈಗ ನಾನು ಮೊದಲು ನೋಡುವುದು ಬೆಳಕನ್ನೇ, ಒಂದು ವೇಗದ ಫೋಟೋಡಯೋಡ್ ಇಟ್ಟು. ನನ್ನ ಲೇಸರಿನ 905 ನ್ಯಾನೋಮೀಟರ್ ತರಂಗಾಂತರದ ಬೆಳಕು ಕಣ್ಣಿಗೆ ಕಾಣದಿದ್ದರೂ ಕಣ್ಣನ್ನು ಸುಡಬಲ್ಲದು, ಆದ್ದರಿಂದ ಅದಕ್ಕೆಂದೇ ಇರುವ ಕನ್ನಡಕ ಹಾಕಿಕೊಂಡು.