ಬೋರ್ಡ್ ಮೇಲಿನ ಹೆಸರು ಯಾರದ್ದು? ಹಳೆ ಫೋಟೋ ಸ್ಟುಡಿಯೊಗಳ ಜಾಡು ಹಿಡಿದು

ಕೋಲ್ಕತ್ತದ ಬೋರ್ನ್ ಆ್ಯಂಡ್ ಶೆಫರ್ಡ್ ಸ್ಟುಡಿಯೊ 2016ರಲ್ಲಿ ಬಾಗಿಲು ಹಾಕಿತು. ಜಗತ್ತಿನ ಅತಿ ಹಳೆಯ ಸ್ಟುಡಿಯೊಗಳಲ್ಲಿ ಒಂದು ಅನ್ನೋ ಹೆಸರು ಅದಕ್ಕಿತ್ತು. ಆದರೆ ಎಷ್ಟು ಹಳೆಯದು ಎಂದು ಕೇಳಿದರೆ ಉತ್ತರ ಒಂದೇ ಇಲ್ಲ. ಕೆಲವೆಡೆ 1840 ಎಂದಿದೆ, ಕೆಲವೆಡೆ 1863.

1840ರಲ್ಲಿ ಸ್ಯಾಮ್ಯುಯೆಲ್ ಬೋರ್ನ್ ಇನ್ನೂ ಐದಾರು ವರ್ಷದ ಹುಡುಗ, ಇದ್ದದ್ದು ಇಂಗ್ಲೆಂಡಿನಲ್ಲಿ. ದೊಡ್ಡವರಾಗಿ ನಾಟಿಂಗ್‌ಹ್ಯಾಮ್‌ನ ಬ್ಯಾಂಕೊಂದರಲ್ಲಿ ಗುಮಾಸ್ತರಾದರು. ಆ ಕೆಲಸ ಬಿಟ್ಟು ಕಲ್ಕತ್ತೆಗೆ ಬಂದು ಇಳಿದದ್ದು 1863ರ ಆರಂಭದಲ್ಲಿ. ಅಲ್ಲಿ ವಿಲಿಯಂ ಹೋವರ್ಡ್ ಎಂಬವರ ಸ್ಟುಡಿಯೊ ಮೊದಲೇ ಇತ್ತು. 1840ರ ಲೆಕ್ಕ ಬರುವುದು ಆ ಕಡೆಯಿಂದ. ಬೋರ್ನ್ ಹೋವರ್ಡ್ ಜೊತೆ ಸೇರಿ ಸಿಮ್ಲಾದಲ್ಲಿ ಕೆಲಸ ಶುರು ಮಾಡಿದರು. ಆಗ್ರಾದಲ್ಲಿ ರಾಬರ್ಟ್‌ಸನ್ ಎಂಬವರ ಜೊತೆ ಅಂಗಡಿ ನಡೆಸುತ್ತಿದ್ದ ಚಾರ್ಲ್ಸ್ ಶೆಫರ್ಡ್ ಆಮೇಲೆ ಇವರನ್ನು ಸೇರಿಕೊಂಡರು. ಹೀಗೆ ಮೊದಲು 'ಹೋವರ್ಡ್ ಆ್ಯಂಡ್ ಬೋರ್ನ್', ನಂತರ 'ಹೋವರ್ಡ್, ಬೋರ್ನ್ ಆ್ಯಂಡ್ ಶೆಫರ್ಡ್', ಹೋವರ್ಡ್ ಹೊರಟ ಮೇಲೆ ಬರೀ 'ಬೋರ್ನ್ ಆ್ಯಂಡ್ ಶೆಫರ್ಡ್'. 1870ರಲ್ಲಿ ಬೋರ್ನ್ ಊರಿಗೆ ವಾಪಸ್ ಹೋದರು. ಅವರ ಜಾಗಕ್ಕೆ ಕಾಲಿನ್ ಮರ್ರೆ ಬಂದರು. ಆ ದಶಕ ಮುಗಿಯುವ ಹೊತ್ತಿಗೆ ಶೆಫರ್ಡ್ ಕೂಡ ಇರಲಿಲ್ಲ. ಹೆಸರು ಮಾತ್ರ ನೂರು ವರ್ಷಕ್ಕೂ ಜಾಸ್ತಿ ಬೋರ್ಡ್ ಮೇಲೆ ಉಳಿಯಿತು. 1911ರ ದೆಹಲಿ ದರ್ಬಾರಿನ ಫೋಟೋಗಳಲ್ಲಿ ಇರುವುದೂ ಇದೇ ಹೆಸರು. ಅವನ್ನು ತೆಗೆದದ್ದು ಬೋರ್ನೂ ಅಲ್ಲ, ಶೆಫರ್ಡೂ ಅಲ್ಲ.

ಹಳೆ ಫೋಟೋಗ್ರಾಫರ್‌ಗಳ ಬದುಕು ಹುಡುಕುವವರ ತಲೆನೋವು ಶುರುವಾಗುವುದೇ ಇಲ್ಲಿ. ಸ್ಟುಡಿಯೊ ಅಂದರೆ ಒಬ್ಬ ಮನುಷ್ಯ ಅಲ್ಲ. ಪಾಲುದಾರರು ಬರುತ್ತಾರೆ, ಹೋಗುತ್ತಾರೆ. ಅಂಗಡಿ ಕೈ ಬದಲಾದಾಗ ಗಾಜಿನ ನೆಗೆಟಿವ್‌ಗಳೂ ಸಾಮಾನಿನ ಜೊತೆ ಮಾರಾಟವಾಗುತ್ತವೆ. ಹೊಸ ಯಜಮಾನ ಹಳೆ ನೆಗೆಟಿವ್‌ನಿಂದ ಪ್ರಿಂಟ್ ಹಾಕಿ ತನ್ನ ಹೆಸರಿನ ರಟ್ಟಿಗೆ ಅಂಟಿಸುತ್ತಾನೆ. ಮುದ್ರೆ ಹೇಳುವುದು ಪ್ರಿಂಟ್ ಹಾಕಿದ ಕಾಲವನ್ನು. ಕ್ಯಾಮೆರಾ ಹಿಂದೆ ನಿಂತವರು ಯಾರು ಅನ್ನೋದು ಬೇರೆ ಪ್ರಶ್ನೆ.

ಈ ರಟ್ಟಿನ ವ್ಯಾಪಾರ ಬೆಳೆದದ್ದು ಹೇಗೆ ಅನ್ನೋದನ್ನೂ ನೋಡಬೇಕು. 1839ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾದ ಡಗೇರ್ ವಿಧಾನದಲ್ಲಿ ಒಂದು ಸಲಕ್ಕೆ ಒಂದೇ ಚಿತ್ರ, ಅದೂ ಬೆಳ್ಳಿ ಲೇಪದ ತಗಡಿನ ಮೇಲೆ. ನಕಲು ತೆಗೆಯುವ ಮಾತಿಲ್ಲ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ನೆಗೆಟಿವ್ ಮಾಡುವ ಕೊಲೋಡಿಯನ್ ವಿಧಾನ ತಿಳಿಸಿದರು. ಇನ್ನು ಒಂದು ಗಾಜಿನಿಂದ ಎಷ್ಟು ಬೇಕಾದರೂ ಕಾಗದದ ಪ್ರಿಂಟ್. 1854ರಲ್ಲಿ ಪ್ಯಾರಿಸ್‌ನ ಡಿಸ್ಡೆರಿ ಒಂದೇ ಗಾಜಿನ ಮೇಲೆ ಹಲವು ಚಿಕ್ಕ ಚಿತ್ರ ತೆಗೆದು, ಕತ್ತರಿಸಿ, ವಿಸಿಟಿಂಗ್ ಕಾರ್ಡ್ ಅಳತೆಯ ರಟ್ಟಿಗೆ ಅಂಟಿಸುವ ಕ್ರಮಕ್ಕೆ ಪೇಟೆಂಟ್ ಪಡೆದರು. ಅದೇ ಕಾರ್ಟ್ ದ ವಿಸಿತ್. ಬೆಲೆ ಇಳಿಯಿತು, ಫೋಟೋ ತೆಗೆಸುವವರು ಹೆಚ್ಚಿದರು, ತೆಗೆಯುವವರೂ ಹೆಚ್ಚಿದರು. ಬ್ರಿಟನ್ನಿನ 1851ರ ಜನಗಣತಿಯಲ್ಲಿ ಕಸುಬು ಫೋಟೋಗ್ರಫಿ ಎಂದು ಬರೆಸಿದವರು 51 ಜನ. ಹತ್ತು ವರ್ಷದ ಮೇಲೆ ಆ ಲೆಕ್ಕ 2,500 ದಾಟಿತ್ತು.

ನಮಗೆ ಉಪಕಾರವಾದದ್ದು ಆ ರಟ್ಟಿನ ಬೆನ್ನು. ಮುಂದೆ ಚಿತ್ರ, ಹಿಂದೆ ಜಾಹೀರಾತು. ಸ್ಟುಡಿಯೊ ಹೆಸರು, ಬೀದಿ, ಶಾಖೆ ಇರುವ ಊರು, ಗೆದ್ದ ಪದಕ, ಯಾವ ವೈಸ್‌ರಾಯ್ ಅಥವಾ ಮಹಾರಾಜರ ಕೃಪೆ, ಎಲ್ಲವೂ ಅಲ್ಲಿರುತ್ತದೆ. ನೆಗೆಟಿವ್ ಇಟ್ಟಿದ್ದೇವೆ, ಈ ನಂಬರ್ ಹೇಳಿದರೆ ಮತ್ತೆ ಪ್ರತಿ ಸಿಗುತ್ತದೆ ಎಂಬ ಸಾಲೂ ಎಷ್ಟೋ ಸಲ ಇರುತ್ತದೆ. ರಟ್ಟೂ ಮಾತಾಡುತ್ತದೆ. 1860ರ ದಶಕದಲ್ಲಿ ತೆಳು ರಟ್ಟು, ಚೌಕ ಮೂಲೆ. ಆಮೇಲೆ ಮೂಲೆ ದುಂಡಗಾಯಿತು, ರಟ್ಟು ದಪ್ಪವಾಯಿತು. 1880ರ ನಂತರ ಗಾಢ ಬಣ್ಣ, ಚಿನ್ನದ ಅಂಚು. ಆದರೆ ಇದು ಯುರೋಪಿನ ಲೆಕ್ಕ. ಅಚ್ಚು ಹಾಕಿದ ರಟ್ಟು ಹಡಗಿನಲ್ಲಿ ಬರಬೇಕಿದ್ದ ಊರುಗಳಲ್ಲಿ ಹಳೆ ಸ್ಟಾಕ್ ಮುಗಿಯುವ ತನಕ ಬಳಸುತ್ತಿದ್ದರು. ಐದಾರು ವರ್ಷ ಆಚೀಚೆ ಆಗೋದು ಸಹಜ.

ವಿಳಾಸ ಸಿಕ್ಕಿದರೆ ಮುಂದಿನ ಹೆಜ್ಜೆ ಡೈರೆಕ್ಟರಿ. ಬಂಗಾಳಕ್ಕೆ ಥ್ಯಾಕರ್ಸ್ ಡೈರೆಕ್ಟರಿ, ಮದ್ರಾಸಿಗೆ ಅಸೈಲಮ್ ಪ್ರೆಸ್ ಅಲ್ಮನಾಕ್. ವರ್ಷಕ್ಕೊಂದರಂತೆ ಬಂದ ಈ ದಪ್ಪ ಪುಸ್ತಕಗಳಲ್ಲಿ ವ್ಯಾಪಾರಿಗಳ ಹೆಸರು, ಬೀದಿ, ಕೆಲಸಕ್ಕಿದ್ದ ಯುರೋಪಿಯನ್ ಸಹಾಯಕರ ಹೆಸರು ಕೂಡ ಸಿಗುತ್ತವೆ. ಸಾಲಾಗಿ ಹತ್ತು ವರ್ಷದ ಪುಸ್ತಕ ನೋಡಿದರೆ ಯಾರು ಯಾವಾಗ ಬಂದರು, ಯಾವಾಗ ಸ್ವಂತ ಅಂಗಡಿ ಹಾಕಿದರು ಎಂಬುದು ಕಾಣುತ್ತದೆ. ಈ ವರ್ಷದ ಪುಸ್ತಕಕ್ಕೆ ಮಾಹಿತಿ ಸೇರಿಸಿದ್ದು ಹಿಂದಿನ ವರ್ಷ, ಅದನ್ನು ಮರೆಯಬಾರದು ಅಷ್ಟೇ. ಇನ್ನು ಪತ್ರಿಕೆಗಳಲ್ಲಿ ಹಡಗಿನ ಪ್ರಯಾಣಿಕರ ಪಟ್ಟಿ, 'ನಮ್ಮ ಪಾಲುದಾರಿಕೆ ಇಂದಿಗೆ ಮುಗಿಯಿತು' ಎಂಬ ನೋಟಿಸು, ಸ್ಟುಡಿಯೊ ಹರಾಜಿನ ಸುದ್ದಿ. ದಿವಾಳಿಯ ಸುದ್ದಿಗಳಂತೂ ಬೇಕಾದಷ್ಟು.

ಆಮೇಲೆ ಚರ್ಚಿನ ದಾಖಲೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದಲೂ ಪಾದ್ರಿಗಳು ಬ್ಯಾಪ್ಟಿಸಮ್, ಮದುವೆ, ಸಮಾಧಿಯ ವಿವರದ ನಕಲನ್ನು ಲಂಡನ್ನಿಗೆ ಕಳಿಸುತ್ತಿದ್ದರು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಮದ್ರಾಸ್ ಕಡೆಯ ದಾಖಲೆಗಳ ಗುರುತು ಎನ್/2. ಬೆಂಗಳೂರು ದಂಡಿನವರ ಹೆಸರು ಹುಡುಕುವವರೂ ಇದನ್ನೇ ತೆಗೆಯಬೇಕು. ಮಗುವಿನ ಬ್ಯಾಪ್ಟಿಸಮ್ ಸಾಲಿನಲ್ಲಿ ಅಪ್ಪನ ಕಸುಬಿಗೆ ಒಂದು ಕಾಲಂ ಇದೆ. ಒಂದು ಮಗುವಿನ ಹೊತ್ತಿಗೆ ಗುಮಾಸ್ತ, ಮುಂದಿನ ಮಗುವಿನ ಹೊತ್ತಿಗೆ ಫೋಟೋಗ್ರಾಫರ್. ಕಸುಬು ಬದಲಾದದ್ದು ಹೀಗೆ ಸಿಕ್ಕಿಬೀಳುತ್ತದೆ.

ಈ ರೀತಿ ಹುಡುಕಿ ಮೇಲೆತ್ತಿದ ಬದುಕುಗಳಲ್ಲಿ ನಮಗೆ ಹತ್ತಿರದ್ದು ಊಟಿಯ ಎ.ಟಿ.ಡಬ್ಲ್ಯು. ಪೆನ್ ಅವರದ್ದು. 1849ರಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ಹುಟ್ಟಿದವರು. ಮದ್ರಾಸಿನಲ್ಲಿ ನಿಕೋಲಸ್ ಸಹೋದರರ ಸ್ಟುಡಿಯೊ ಇತ್ತು, ಊಟಿಯಲ್ಲೂ ಅವರ ಕೆಲಸ ನಡೆಯುತ್ತಿತ್ತು. ಪೆನ್ ಹದಿಹರೆಯದಲ್ಲೇ ಅವರ ಬಳಿಗೆ ಬಂದರು. ಆಮೇಲೆ ಊಟಿಯಲ್ಲಿ ಸ್ವಂತ ಸ್ಟುಡಿಯೊ ಇಟ್ಟರು. ಬೆಟ್ಟಕ್ಕೆ ಬರುವ ಸಾಹೇಬರ ಭಾವಚಿತ್ರ, ತೋಡರ ಚಿತ್ರ, ನೀಲಗಿರಿಯ ನೋಟಗಳು, ಎಲ್ಲವನ್ನೂ ತೆಗೆದರು. 1924ರಲ್ಲಿ ತೀರಿಕೊಂಡರು. ಅವರ ವಂಶದವರೇ ಆದ ಕ್ರಿಸ್ಟೋಫರ್ ಪೆನ್ ಹುಡುಕಾಟಕ್ಕೆ ಇಳಿಯುವ ತನಕ ಈ ಬದುಕು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ನಿಕೋಲಸ್ ಸಹೋದರರು ಮುಂದೆ 'ನಿಕೋಲಸ್ ಆ್ಯಂಡ್ ಕರ್ತ್ಸ್' ಆದರು, ಮತ್ತೆ 'ನಿಕೋಲಸ್ ಆ್ಯಂಡ್ ಕಂಪನಿ' ಆದರು. ರಟ್ಟಿನ ಮೇಲೆ ಕರ್ತ್ಸ್ ಹೆಸರು ಕಂಡರೆ ಕಾಲ 1870ರ ದಶಕದ ಆಸುಪಾಸು ಎಂದು ಹೇಳಬಹುದು. ಹೆಸರು ಬದಲಾಗುವುದು ತಲೆನೋವೂ ಹೌದು, ಕೈಗೆ ಸಿಕ್ಕ ಸುಳಿವೂ ಹೌದು.

ಬೆಂಗಳೂರಿನ ಸೌತ್ ಪರೇಡ್, ಅಂದರೆ ಇವತ್ತಿನ ಎಂ.ಜಿ. ರಸ್ತೆಯಲ್ಲಿ ಬಾರ್ಟನ್ ಸನ್ ಆ್ಯಂಡ್ ಕಂಪನಿ ಇತ್ತು. ಬೆಳ್ಳಿ, ಒಡವೆ ಮಾರುವ ಅಂಗಡಿ. ಫೋಟೋ ಕೆಲಸವನ್ನೂ ಮಾಡುತ್ತಿತ್ತು. ಮೈಸೂರು ಸೀಮೆಯ ಎಷ್ಟೋ ಹಳೆ ಚಿತ್ರಗಳ ಕೆಳಗೆ ಅದರ ಹೆಸರಿದೆ. ಇಂಥವರನ್ನು ಫೋಟೋಗ್ರಾಫರ್‌ಗಳ ಪಟ್ಟಿಯಲ್ಲಷ್ಟೇ ಹುಡುಕಿ ಸುಮ್ನೆ ಕೂತರೆ ಆಗಲ್ಲ. ಒಡವೆ, ಗಡಿಯಾರ, ಔಷಧಿ ಅಂಗಡಿಗಳ ಪುಟವನ್ನೂ ತಿರುವಬೇಕು. ಆ ಕಾಲದಲ್ಲಿ ಫೋಟೋ ಎಂಬುದು ಎಷ್ಟೋ ಜನರಿಗೆ ಪಕ್ಕದ ಕಸುಬು.

ಇಲ್ಲಿಯವರೆಗಿನ ದಾಖಲೆಗಳಲ್ಲಿ ಒಂದು ವಿಷಯ ಗಮನಿಸಿದಿರಾ? ಚರ್ಚಿನ ಪುಸ್ತಕ, ಹಡಗಿನ ಪಟ್ಟಿ, ಯುರೋಪಿಯನ್ ಸಹಾಯಕರ ಪಟ್ಟಿ. ಎಲ್ಲದರಲ್ಲೂ ಸಿಗುವವರು ಬಿಳಿಯರು, ಹೆಚ್ಚೆಂದರೆ ಕ್ರೈಸ್ತರು. ಬ್ರಿಟನ್ನಿನಲ್ಲಿ 19ನೇ ಶತಮಾನದ ಜನಗಣತಿಯ ಮನೆ ಮನೆ ಹಾಳೆ ಉಳಿದಿದೆ. ಯಾರ ಮನೆಯಲ್ಲಿ ಯಾರಿದ್ದರು, ಏನು ಕೆಲಸ ಎಂದು ಇವತ್ತಿಗೂ ಓದಬಹುದು. ನಮ್ಮಲ್ಲಿ ಉಳಿದದ್ದು ಅಂಕಿ ಅಂಶದ ಸಂಪುಟ ಮಾತ್ರ. ಗಾಜು ತೊಳೆದವರು, ಔಷಧ ಬೆರೆಸಿದವರು, ಪ್ರಿಂಟನ್ನು ಬಿಸಿಲಿಗೆ ಇಟ್ಟವರು, ಮುಖದ ಮೇಲೆ ಬಣ್ಣ ಹಚ್ಚಿದವರು, ಇವರ ಹೆಸರು ಎಲ್ಲಿ ಹುಡುಕೋಣ?

ಅಂಗಡಿ ಇಟ್ಟ ಭಾರತೀಯರೇನೂ ಕಡಿಮೆ ಇರಲಿಲ್ಲ. ಅವರು ಸಿಗುವುದು ಬೇರೆ ಕಡೆ. ಬಾಂಬೆಯ ಹರಿಚಂದ್ ಚಿಂತಾಮಣ್ ಅವರನ್ನೇ ನೋಡಿ. ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ 1855ರಲ್ಲಿ ಫೋಟೋಗ್ರಫಿ ತರಗತಿ ಶುರುವಾಯಿತು. ಅವರು ಅಲ್ಲಿ ಕಲಿತವರು. ಕೆಲವೇ ವರ್ಷದಲ್ಲಿ ರ್‍ಯಾಂಪಾರ್ಟ್ ರೋನಲ್ಲಿ ಸ್ಟುಡಿಯೊ ಇಟ್ಟರು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರ ಚಿತ್ರಗಳಿದ್ದವು. 1874ರಲ್ಲಿ ಲಂಡನ್ನಿನಲ್ಲಿ ಭಗವದ್ಗೀತೆಯ ಮೇಲೆ ಅವರದೊಂದು ಪುಸ್ತಕ ಅಚ್ಚಾಯಿತು. ಮುಂದೆ ಬಾಂಬೆಯ ಆರ್ಯ ಸಮಾಜದ ಮುಖ್ಯಸ್ಥರಾಗಿ ಕಾಣಿಸುತ್ತಾರೆ. 1879ರ ಫೆಬ್ರವರಿಯಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಬ್ಲಾವಟ್‌ಸ್ಕಿ ಮತ್ತು ಆಲ್ಕಾಟ್ ಬಾಂಬೆಗೆ ಬಂದು ಇಳಿದದ್ದು ಇವರ ಆತಿಥ್ಯದಲ್ಲಿ. ಆತಿಥ್ಯ ಅಂದುಕೊಂಡಿದ್ದಕ್ಕೆ ದೊಡ್ಡ ಬಿಲ್ ಬಂತು, ಆರ್ಯ ಸಮಾಜಕ್ಕೆಂದು ಕಳಿಸಿದ ದುಡ್ಡು ಅಲ್ಲಿಗೆ ತಲುಪಿರಲಿಲ್ಲ ಎಂದು ಆಲ್ಕಾಟ್ ಬರೆದಿಟ್ಟಿದ್ದಾರೆ. ಅದು ಒಂದು ಕಡೆಯವರ ಮಾತು, ಅಷ್ಟೇ ಎಂದು ಓದಬೇಕು. ಆದರೂ ನೋಡಿ: ಒಬ್ಬ ಫೋಟೋಗ್ರಾಫರ್ ಬದುಕಿನ ತುಂಡುಗಳು ಶಾಲೆ, ಪ್ರದರ್ಶನ, ಗೀತೆಯ ಪುಸ್ತಕ, ಧರ್ಮದ ಸಂಘಗಳ ಜಗಳ, ಹೀಗೆ ನಾಲ್ಕು ಕಡೆ ಬಿದ್ದಿವೆ. ಇಂಗ್ಲಿಷಿನಲ್ಲಿ ಅವರ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿರುವುದರಿಂದ ಕಂಪ್ಯೂಟರ್‌ನಲ್ಲಿ ಒಂದೇ ಕಾಗುಣಿತ ಹಾಕಿದರೆ ಅರ್ಧವೂ ಸಿಗುವುದಿಲ್ಲ.

ಲಾಲಾ ದೀನ್‌ದಯಾಳ್ ಕಥೆ ಇಷ್ಟು ಚದುರಿಲ್ಲ. ಕಾರಣ ಸರಳ, ಅವರಿಗೆ ಸರ್ಕಾರಿ ನೌಕರಿ ಇತ್ತು. 1844ರಲ್ಲಿ ಮೀರತ್ ಹತ್ತಿರದ ಸರ್ಧಾನಾದಲ್ಲಿ ಹುಟ್ಟಿ, ರೂರ್ಕಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಇಂದೋರಿನ ಲೋಕೋಪಯೋಗಿ ಇಲಾಖೆ ಸೇರಿದರು. ಆಮೇಲೆ ಹೈದರಾಬಾದಿನ ನಿಜಾಮರ ಆಸ್ಥಾನದ ಫೋಟೋಗ್ರಾಫರ್. ಸಿಕಂದರಾಬಾದಿನಲ್ಲೂ 1896ರಿಂದ ಬಾಂಬೆಯಲ್ಲೂ ಸ್ಟುಡಿಯೊ. 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗೆಂದೇ ಬೇರೆ ಸ್ಟುಡಿಯೊ ತೆರೆದು, ಕೆನ್ನಿ-ಲೆವಿಕ್ ಎಂಬ ಮಹಿಳೆಗೆ ವಹಿಸಿದರು. 1894ರಲ್ಲಿ ನಿಜಾಮರು 'ರಾಜಾ' ಬಿರುದು ಕೊಟ್ಟರು. ಹಾಗಾಗಿ ಮುದ್ರೆಯಲ್ಲಿ 'ಲಾಲಾ' ಇದೆಯೋ 'ರಾಜಾ' ಇದೆಯೋ ನೋಡಿದರೆ ಪ್ರಿಂಟಿನ ಕಾಲ ತಿಳಿಯುತ್ತದೆ. 1905ರಲ್ಲಿ ಅವರು ತೀರಿಕೊಂಡರು. 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಅವರ 2,857 ಗಾಜಿನ ನೆಗೆಟಿವ್‌ಗಳನ್ನು ಕೊಂಡಿತು. ಕೋಲ್ಕತ್ತದ ಬೋರ್ನ್ ಆ್ಯಂಡ್ ಶೆಫರ್ಡ್ ಸ್ಟುಡಿಯೊಗೆ ಆ ಭಾಗ್ಯ ಇರಲಿಲ್ಲ. 1991ರ ಬೆಂಕಿಯಲ್ಲಿ ಅದರ ಹಳೆ ನೆಗೆಟಿವ್‌ಗಳ ದೊಡ್ಡ ಪಾಲು ಹೋಯಿತು.

ಸರ್ಕಾರಿ ಕೆಲಸದಿಂದ ಹೆಸರು ಉಳಿದದ್ದಕ್ಕೆ ಮದ್ರಾಸಿನಲ್ಲೂ ಒಂದು ಉದಾಹರಣೆ ಇದೆ. ಬೆಂಗಳೂರಿನಲ್ಲಿದ್ದ ಸೇನಾಧಿಕಾರಿ ಲಿನ್ನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರಿನ ಚಿತ್ರ ತೆಗೆದು ಹೆಸರಾದರು. ಆಮೇಲೆ ಮದ್ರಾಸ್ ಸರ್ಕಾರದ ಫೋಟೋಗ್ರಾಫರ್ ಆದರು. ಅವರ ಕೈಕೆಳಗೆ ದುಡಿದ ಅಯ್ಯಾಸ್ವಾಮಿ ಎಂಬವರ ಹೆಸರು ಉಳಿದುಕೊಂಡಿದೆ. ಉಳಿದದ್ದು ಆ ಕೆಲಸ ಸರ್ಕಾರದ್ದಾಗಿತ್ತು, ಮುಂದೆ ಅವರು ಮದ್ರಾಸಿನ ಕಲಾಶಾಲೆಯ ಫೋಟೋ ಕೆಲಸದಲ್ಲೂ ಇದ್ದರು ಎಂಬ ಕಾರಣಕ್ಕೆ. ಖಾಸಗಿ ಸ್ಟುಡಿಯೊದಲ್ಲಿ ಅದೇ ಕೆಲಸ ಮಾಡಿದವರಿಗೆ ಸಂಬಳದ ಪುಸ್ತಕ ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇತ್ತೀಚೆಗೆ ಹುಡುಕುವ ಕೆಲಸ ಸುಲಭವಾಗಿದೆ ಅನ್ನೋದು ಅರ್ಧ ನಿಜ. ಹಿಂದೆ ಲಂಡನ್ನಿಗೆ ಹೋಗಿ ಮೈಕ್ರೋಫಿಲ್ಮ್ ತಿರುಗಿಸಬೇಕಿತ್ತು. ಈಗ ಚರ್ಚಿನ ದಾಖಲೆ, ಡೈರೆಕ್ಟರಿ, ಪತ್ರಿಕೆ ಎಲ್ಲವೂ ಸ್ಕ್ಯಾನ್ ಆಗಿ ಮನೆಯಲ್ಲೇ ಸಿಗುತ್ತವೆ. ಆದರೆ ಮೊದಲು ಸ್ಕ್ಯಾನ್ ಆದದ್ದು ಇಂಗ್ಲಿಷ್ ದಾಖಲೆ, ಅದರಲ್ಲೂ ವಿದೇಶದಲ್ಲಿ ಪೂರ್ವಜರನ್ನು ಹುಡುಕುವ ಕುಟುಂಬಗಳು ದುಡ್ಡು ಕೊಟ್ಟು ಓದುವಂಥವು. ಕನ್ನಡ, ಮರಾಠಿ, ಉರ್ದು ಪತ್ರಿಕೆಗಳ ಜಾಹೀರಾತು ಪುಟ, ಸಂಸ್ಥಾನಗಳ ಖರ್ಚಿನ ಲೆಕ್ಕ, ಮುನ್ಸಿಪಾಲಿಟಿ ತೆರಿಗೆ ಪುಸ್ತಕ, ಕೋರ್ಟಿನ ಸಾಲದ ವ್ಯಾಜ್ಯ ಇವುಗಳಿಗೆ ಈಗಲೂ ಕಚೇರಿಗೆ ಹೋಗಿ ಕಟ್ಟು ಬಿಚ್ಚಿಸಬೇಕು. ಇಲ್ಲಿನವರ ಹೆಸರು ಸಿಗುವ ಜಾಗ ಅದೇ ಅಲ್ವಾ?

ಮನೆಯಲ್ಲಿ ಹಳೆ ಫೋಟೋ ಇದ್ದವರು ಮಾಡಬಹುದಾದ ಕೆಲಸವೂ ಒಂದಿದೆ. ಸ್ಕ್ಯಾನ್ ಮಾಡುವಾಗ ಬೆನ್ನಿನ ಕಡೆಯನ್ನೂ ಸ್ಕ್ಯಾನ್ ಮಾಡಿ, ಖಾಲಿ ಇದ್ದರೂ. ರಟ್ಟಿನಿಂದ ಪ್ರಿಂಟ್ ಕೀಳಬೇಡಿ, ಅಂಚು ಕತ್ತರಿಸಿ ಹೊಸ ಫ್ರೇಮಿಗೆ ಕೂರಿಸಬೇಡಿ. ಪೆನ್ಸಿಲ್ಲಿನಲ್ಲಿ ಬರೆದ ನಂಬರ್ ಕಂಡರೆ ಒರೆಸಬೇಡಿ. ಅದು ನೆಗೆಟಿವ್ ನಂಬರ್ ಆಗಿರಬಹುದು. ಅದೇ ಸ್ಟುಡಿಯೊದ ಇನ್ನೊಂದು ಫೋಟೋದ ಮೇಲೆ ನಂಬರಿನ ಜೊತೆ ತಾರೀಖೂ ಇದ್ದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನಿಮ್ಮ ಫೋಟೋ ಯಾವ ವರ್ಷದ ಆಸುಪಾಸಿನದು ಎಂದು ಹೇಳಿಬಿಡಬಹುದು.